ಉಪ್ಪಿನ ದಿಬ್ಬದ ಮುಂದೆ ಅಚೌರ್ಯದ ವಿಚಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಅತ್ಯಂತ ಸುಲಭವಾದುದೆಂದು ಬಹುಜನರ ಭಾವನೆ. ಅಹಿಂಸೆಗೆ ಹೆಜ್ಜೆಹೆಜ್ಜೆಗೂ ಎಚ್ಚರ ಬೇಕು. ಸತ್ಯಕ್ಕೆ ನಾಲಗೆಯ ಮೇಲೆ ಹಿಡಿತ ಬೇಕು. ಪರಿಗ್ರಹ ಪರಿಮಾಣವಂತೂ ವ್ಯಾಪಾರಸ್ಥನಿಗೆ ನಿತ್ಯದ ಪರೀಕ್ಷೆ. ಕಳವು ಮಾಡದಿರುವುದು ಏನು ಮಹಾ? ಪರರ ಮನೆಗೆ ಕನ್ನ ಹಾಕದವನು, ತಕ್ಕಡಿಯಲ್ಲಿ ಮೋಸ ಮಾಡದವನು ಈ ವ್ರತದಲ್ಲಿ ಉತ್ತೀರ್ಣನಾದಂತೆಯೇ ಎಂದು ನಾವು ತಿಳಿದುಬಿಡುತ್ತೇವೆ. ಆದರೆ ಆಚಾರ್ಯರು ಕಳವಿಗೆ ಕೊಟ್ಟ ಲಕ್ಷಣ ಅಷ್ಟು ಸರಳವಾದುದಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಅದತ್ತಾದಾನ, ಕಳವೆನಿಸುತ್ತದೆ. ಕೊಡುವವನು ಎದುರಿಗೆ ನಿಂತಿರುವಾಗ ಈ ಮಾತು ಸ್ಪಷ್ಟವೇ. ಯಾರೂ ಬಿತ್ತದೆ, ಯಾರೂ ಹೊತ್ತು ತರದೆ, ನೆಲದಿಂದ ತಾನಾಗಿ ಮೇಲೆದ್ದು ಬಂದ ವಸ್ತುವನ್ನು ಕೊಡುವವರು ಯಾರು? ಅದನ್ನು ಕೆರೆದುಕೊಂಡವನು ಯಾರಿಂದ ಕದ್ದಂತಾಯಿತು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಬಳ್ಳಾರಿ ಸೀಮೆಯಲ್ಲಿ ನೂರಾರು ಸಂಸಾರಗಳ ಒಲೆಯನ್ನು ಆರಿಸಿದ ಪ್ರಶ್ನೆ. ಅದಕ್ಕೆ ಸಾಕ್ಷಿಯಾಗಿ ನಿಂತಿರುವುದು ಮಣ್ಣಿನ ದಿಬ್ಬ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಇಂದು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯೊಳಗೆ ಈ ನೆಲವೂ ಇದ್ದಿತು. ಆ ಮೇಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿತ್ತು. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂತಹ ನಾಡಿನಲ್ಲಿ ನೆಲದೊಳಗಿನ ತೇವವು ಲವಣಾಂಶವನ್ನು ಕರಗಿಸಿಕೊಂಡು ಮೇಲಕ್ಕೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ತಗ್ಗಿನ ಹೊಲಗಳ ಮೇಲೆ, ಹಳ್ಳದ ದಂಡೆಯಲ್ಲಿ, ಕಾಲುವೆಯ ಜಿನುಗು ನಿಲ್ಲುವ ಕಡೆಗಳಲ್ಲಿ ಬೂದಿ ಎರಚಿದಂತೆ ಬಿಳಿಯ ಪದರು ಕಾಣುತ್ತದೆ. ರೈತನು ಅದನ್ನು ಸವಳು ಅಥವಾ ಚೌಳು ಎಂದು ಬೈಯುತ್ತಾನೆ. ಉಪ್ಪಾರನಿಗೆ ಅದೇ ಬೆಳೆ.

ಸಮುದ್ರ ದೂರವಿದ್ದ ಈ ಒಳನಾಡಿನಲ್ಲಿ ಉಪ್ಪಾರರು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಕ್ರಮ ಹೀಗಿತ್ತು. ಮೊದಲು ಉಪ್ಪುಮಣ್ಣನ್ನು ತೆಳ್ಳಗೆ ಕೆರೆದು ರಾಶಿ ಮಾಡುವುದು. ನೀರಿನ ಆಸರೆಯಿರುವ ಕಡೆ, ಬಾವಿಯ ಬಳಿಯೋ ಹಳ್ಳದ ಬಳಿಯೋ, ಮಣ್ಣಿನ ಎತ್ತರವಾದ ದಿಬ್ಬವೊಂದನ್ನು ಕಟ್ಟಿ, ಅದರ ನೆತ್ತಿಯಲ್ಲಿ ದೊಡ್ಡ ಬಾನಿಯಂತಹ ಗುಣಿಗಳನ್ನು ಮಾಡುವುದು. ಗುಣಿಯ ತಳಕ್ಕೆ ಹುಲ್ಲು ಹಾಸಿ, ಮೇಲೆ ಉಪ್ಪುಮಣ್ಣು ತುಂಬಿ, ನೀರು ಹೊಯ್ಯುವುದು. ನೀರು ಮಣ್ಣಿನೊಳಗಿನ ಉಪ್ಪನ್ನು ಕರಗಿಸಿಕೊಂಡು, ಹುಲ್ಲಿನಲ್ಲಿ ಸೋಸಿ, ಪಕ್ಕದ ರಂಧ್ರದಿಂದ ಮಡಕೆಗೆ ಇಳಿಯುವುದು. ಆ ಗಟ್ಟಿ ಉಪ್ಪುನೀರನ್ನು ಗಾರೆ ಬಳಿದ ಚಪ್ಪಟೆ ಮಡಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಕೆಲವು ದಿನಗಳಲ್ಲಿ ಹರಳು ಕಟ್ಟುವುದು. ಸಾರ ಕಳೆದುಕೊಂಡ ಮಣ್ಣನ್ನು ಗುಣಿಯಿಂದ ಅಗೆದು ದಿಬ್ಬದ ಇಳಿಜಾರಿಗೇ ಚೆಲ್ಲುತ್ತಿದ್ದರು. ಆದ್ದರಿಂದ ದಿಬ್ಬವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಇದಕ್ಕೆ ‘ಮೋಡ’ ಎಂಬ ಹೆಸರಿದೆ. ಮಳೆಯ ಮೋಡಕ್ಕೂ ಇದಕ್ಕೂ ನಂಟಿಲ್ಲ. ಮಳೆ ಬಂದರೆ ಈ ಕಸುಬು ನಿಲ್ಲುತ್ತಿತ್ತು.

ಪುರಾತತ್ತ್ವದ ದೃಷ್ಟಿಯಿಂದ ಇಂತಹ ದಿಬ್ಬವು ಸೋಜಿಗದ ವಸ್ತು. ಇದನ್ನು ಕಟ್ಟಿಸಿದ ಅರಸನಿಲ್ಲ, ಶಾಸನವಿಲ್ಲ, ದಾನಪತ್ರವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯಲ್ಲಿ 1055ರ ಶಾಸನವು ಇಂದ್ರಕೀರ್ತಿಗಳ ಹೆಸರನ್ನು ಒಂಬೈನೂರು ವರ್ಷಗಳಿಗೂ ಮಿಕ್ಕಿ ಕಾಪಾಡಿಕೊಂಡು ಬಂದಿದೆ. ಉಪ್ಪಿನ ದಿಬ್ಬದಲ್ಲಿ ಓದಲು ಸಿಗುವುದು ಪದರಗಳು ಮಾತ್ರ: ಒಂದೊಂದು ಪದರೂ ಒಂದೊಂದು ಬೇಸಿಗೆಯ ದುಡಿಮೆ. ಒಡೆದ ಮಡಕೆಯ ಚೂರು, ಗಾರೆಯ ತುಣುಕು, ನೆತ್ತಿಯಲ್ಲಿ ಮುಚ್ಚಿಹೋದ ಗುಣಿಯ ಗುರುತು, ಇಷ್ಟೇ ಅದರ ಲಿಪಿ. ಈ ಸೀಮೆಯಲ್ಲಿ ಅನ್ಯ ಬಗೆಯ ದಿಬ್ಬಗಳೂ ಉಂಟು. ಕುಡತಿನಿಯ ಬೂದಿದಿಬ್ಬ ಪ್ರಸಿದ್ಧವಾದುದು. ಹಂಪೆಯ ಬಳಿಯ ನಿಂಬಾಪುರದ ಬೂದಿಗುಡ್ಡೆಯನ್ನು ಜನರು ವಾಲಿಯನ್ನು ಸುಟ್ಟ ಬೂದಿಯೆಂದು ನಂಬಿದ್ದರು. ರಾಬರ್ಟ್ ಬ್ರೂಸ್ ಫೂಟ್ ಮೊದಲಾದವರು ಇವುಗಳನ್ನು ಪರಿಶೀಲಿಸಿದರು; 1957ರಲ್ಲಿ ಉಟ್ನೂರಿನಲ್ಲಿ ನಡೆಸಿದ ಉತ್ಖನನದ ಬಲದಿಂದ ಆಲ್ಚಿನ್ ಅವರು, ಇವು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ತೋರಿಸಿಕೊಟ್ಟರು. ಸಗಣಿಯ ಬೂದಿಗೆ ವಿದ್ವಾಂಸರು ದೊರೆತರು, ಗ್ರಂಥಗಳು ಹುಟ್ಟಿದವು. ನಿನ್ನೆ ಮೊನ್ನೆಯವರೆಗೆ ನಮ್ಮ ಅಜ್ಜಂದಿರ ಅಡುಗೆಗೆ ಉಪ್ಪು ಕೊಟ್ಟ ದಿಬ್ಬವನ್ನು ಮಾತ್ರ ಹೊಲ ಸಮ ಮಾಡುವವರ ಗುದ್ದಲಿಗೆ ಬಿಟ್ಟಿದ್ದೇವೆ. ಹಳೆಯದಕ್ಕೆ ಮಾತ್ರ ಗೌರವ ಕೊಡುವ ಬುದ್ಧಿಯೂ ಒಂದು ಬಗೆಯ ಪಕ್ಷಪಾತವೇ ಸರಿ.

ಈ ದಿಬ್ಬಗಳು ನಿಂತುಹೋದದ್ದು ಉಪ್ಪು ಮುಗಿದುದರಿಂದ ಅಲ್ಲ. ಮದ್ರಾಸ್ ಆಧಿಪತ್ಯದಲ್ಲಿ 1805ರಲ್ಲಿ ಕಂಪನಿ ಸರ್ಕಾರವು ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಕರಾವಳಿಯಿಂದ ದೂರದಲ್ಲಿದ್ದ ಈ ಸೀಮೆಯ ಮಣ್ಣುಪ್ಪು ಕೆಲಕಾಲ ಉಳಿದುಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲುಮಾರ್ಗಗಳು ಒಳನಾಡಿಗೆ ಬಂದು ಸಮುದ್ರದ ಉಪ್ಪನ್ನು ತಂದು ಸುರಿಯತೊಡಗಿದಾಗ ಅದಕ್ಕೂ ಕೊನೆಗಾಲ ಬಂತು. 1889ರ ಮದ್ರಾಸ್ ಉಪ್ಪಿನ ಕಾಯ್ದೆಯ ಹೊತ್ತಿಗೆ ಅನುಮತಿಯಿಲ್ಲದೆ ಉಪ್ಪು ತಯಾರಿಸುವುದು ಮಾತ್ರವಲ್ಲ, ಉಪ್ಪುಮಣ್ಣನ್ನು ಅಗೆಯುವುದು, ಕೂಡಿಡುವುದು ಸಹ ಅಪರಾಧವೆನಿಸಿತು. ಪೆಟ್ಲುಪ್ಪು ತೆಗೆಯಲು ಪರವಾನಗಿ ಪಡೆದವನು ಸಹ ಅದರ ಜೊತೆಗೆ ತಾನಾಗಿ ಬೇರ್ಪಡುವ ಅಡುಗೆಯ ಉಪ್ಪಿಗೆ ಸುಂಕ ತೆರಬೇಕು, ಇಲ್ಲವೇ ಅದನ್ನು ನಾಶಪಡಿಸಬೇಕು. ನೆಲದ ಮೇಲೆ ಸಹಜವಾಗಿ ಕಟ್ಟಿಕೊಂಡ ಉಪ್ಪನ್ನು ಮಣ್ಣುಪಾಲು ಮಾಡಲು ಸರ್ಕಾರವು ಸಂಬಳ ಕೊಟ್ಟು ಜವಾನರನ್ನು ಇಟ್ಟಿತ್ತು.

ತೆರಿಗೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. 1888ರಿಂದ 1903ರವರೆಗೆ ಒಂದು ಮಣ ಉಪ್ಪಿಗೆ, ಎಂದರೆ ಇಂದಿನ ಸುಮಾರು 37 ಕಿಲೋಗ್ರಾಮಿಗೆ, ಎರಡೂವರೆ ರೂಪಾಯಿ ಸುಂಕ. ಒಂದು ಸಂಸಾರಕ್ಕೆ ವರ್ಷಕ್ಕೆ 30 ಕಿಲೋ ಬೇಕೆಂದು ಇಟ್ಟುಕೊಂಡರೆ ಸುಂಕವೇ ಎರಡು ರೂಪಾಯಿ. ದಿನಕ್ಕೆ ಎರಡಾಣೆ ದುಡಿಯುವ ಕೂಲಿಯವನಾದರೆ ಅದು ಹದಿನಾರು ದಿನಗಳ ಕೂಲಿ. ಸಾಹುಕಾರನೂ ಅಷ್ಟೇ ಉಪ್ಪು ತಿನ್ನುತ್ತಾನೆ, ಅಷ್ಟೇ ಸುಂಕ ತೆರುತ್ತಾನೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. 1902ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಶಾಸನಸಭೆಯಲ್ಲಿ ಆಯವ್ಯಯದ ಚರ್ಚೆಯಲ್ಲಿ ಈ ಸುಂಕವನ್ನು ಇಳಿಸಬೇಕೆಂದು ವಾದಿಸಿದರು. ಮರುವರ್ಷ ಅದು ಎರಡು ರೂಪಾಯಿಗೆ ಇಳಿಯಿತು.

ಈಗ ಅಧಿಕಾರಿಯ ಪಕ್ಷವನ್ನೂ ಕೇಳೋಣ. ಅನೇಕಾಂತದಲ್ಲಿ ನಂಬಿಕೆಯುಳ್ಳವರು ಒಂದೇ ಕಡೆಯ ವಕಾಲತ್ತು ಮಾಡಬಾರದು. ರಾಜ್ಯ ನಡೆಯಲು ಬೊಕ್ಕಸ ಬೇಕು. ಎಲ್ಲರೂ ತಿನ್ನುವ ವಸ್ತುವಿನ ಮೇಲೆ ಅಲ್ಪಸ್ವಲ್ಪ ಸುಂಕ ಹಾಕುವುದರಲ್ಲಿ ಎಲ್ಲರೂ ಪಾಲುಗೊಂಡಂತಾಗುತ್ತದೆ. ಸುಂಕ ತೆರದ ಮಣ್ಣುಪ್ಪು ಪಕ್ಕದಲ್ಲೇ ಅಗ್ಗವಾಗಿ ಸಿಕ್ಕಿದರೆ ಸುಂಕ ತೆತ್ತು ತಂದ ಉಪ್ಪು ಮಾರಾಟವಾಗದು. ಪ್ರಾಮಾಣಿಕನಿಗೆ ನಷ್ಟ, ತಪ್ಪಿಸಿಕೊಂಡವನಿಗೆ ಲಾಭ. ಮೇಲಾಗಿ ಮಣ್ಣುಪ್ಪಿನಲ್ಲಿ ಬೇರೆ ಲವಣಗಳು ಬೆರೆತು ಕಹಿಯಾಗಿರುವುದುಂಟು. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. 2006ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ಜನರ ಆಹಾರಕ್ಕೆಂದು ಮಾರುವುದಕ್ಕೆ ನಮ್ಮ ದೇಶದಲ್ಲೇ ನಿರ್ಬಂಧವಿದೆ. ಗಳಗಂಡ ರೋಗವನ್ನು ತಡೆಯುವುದು ಅದರ ಉದ್ದೇಶ. ನಿರ್ಬಂಧವೆಲ್ಲವೂ ದಬ್ಬಾಳಿಕೆಯಲ್ಲ. ಆದರೆ ತಿನ್ನುವವನ ಹಿತಕ್ಕಾಗಿ ಮಾಡಿದ ನಿರ್ಬಂಧವೂ, ತಿನ್ನುವವನ ತುತ್ತಿನಿಂದ ಆದಾಯ ತೆಗೆಯಲೆಂದು ಮಾಡಿದ ನಿರ್ಬಂಧವೂ ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಒಂದೇ ಅಲ್ಲ.

ನಮ್ಮ ವ್ರತಶಾಸ್ತ್ರದಲ್ಲಿ ತೊಡಕು ಎದ್ದು ಕಾಣುವುದು ಇಲ್ಲಿಯೇ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜಾಜ್ಞೆಗೆ ವಿರುದ್ಧವಾಗಿ ವ್ಯವಹರಿಸುವುದು, ಸುಂಕ ತಪ್ಪಿಸುವುದು ಎಂದು ಇದನ್ನು ಸಾಮಾನ್ಯವಾಗಿ ಉಪದೇಶಿಸಲಾಗುತ್ತದೆ. ಈ ಅರ್ಥವನ್ನು ಅಕ್ಷರಶಃ ಹಿಡಿದರೆ, 1889ರ ನಂತರ ಕತ್ತಲಲ್ಲಿ ಒಂದು ಬುಟ್ಟಿ ಸವಳುಮಣ್ಣು ತಂದು ಗಂಜಿಗೆ ಉಪ್ಪು ಮಾಡಿಕೊಂಡ ಉಪ್ಪಾರ ಹೆಂಗಸು ದೋಷಿ. ಪರವಾನಗಿ ಪಡೆದು ರೈಲಿನಲ್ಲಿ ಉಪ್ಪು ತರಿಸಿ ಮಾರಿದ ಅಂಗಡಿಕಾರನು ನಿರ್ದೋಷಿ. ಈ ತೀರ್ಪನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಮನಸ್ಸು ಹಿಂಜರಿದಾಗ ಶಾಸ್ತ್ರವನ್ನು ಬದಿಗಿಡಬೇಕಾಗಿಲ್ಲ. ಇನ್ನಷ್ಟು ಗಮನವಿಟ್ಟು ಓದಬೇಕು.

ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಅದತ್ತಾದಾನದ ಚರ್ಚೆ ಬಂದಾಗ ಒಂದು ಆಕ್ಷೇಪವನ್ನು ಎತ್ತಿಕೊಳ್ಳಲಾಗಿದೆ. ಮುನಿಯು ಊರಿನ ಬೀದಿಗಳಲ್ಲಿ, ಊರಬಾಗಿಲಿನಲ್ಲಿ ಸಂಚರಿಸುತ್ತಾನೆ. ಅದನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಹಾಗಾದರೆ ಅವನು ಕಳ್ಳನೇ? ಅಲ್ಲ, ಏಕೆಂದರೆ ಬೀದಿಯು ಎಲ್ಲರಿಗೂ ತೆರೆದಿಟ್ಟುದು. ಮುಚ್ಚಿದ ಬಾಗಿಲನ್ನು ಅವನು ದಾಟುವುದಿಲ್ಲ. ಮೇಲಾಗಿ ಪ್ರಮತ್ತಭಾವವಿಲ್ಲದ ಕಡೆ ಕಳವಿನ ಮಾತಿಲ್ಲ ಎಂಬುದು ಸಮಾಧಾನದ ತಾತ್ಪರ್ಯ. ಸವಳುಭೂಮಿಯ ಉಪ್ಪು ಇಂತಹ ಬೀದಿಯೇ ಆಗಿತ್ತು. ತಲೆತಲಾಂತರದಿಂದ ತೆರೆದಿದ್ದ ಆ ಬೀದಿಗೆ ಕಾಯ್ದೆಯು ಬಾಗಿಲು ಹಾಕಿ ಬೀಗ ಜಡಿಯಿತು. ಆ ಮೇಲೆ ಒಳಗೆ ಕಾಲಿಟ್ಟವನನ್ನು ಕಳ್ಳನೆಂದಿತು. ತೆರೆದ ಬೀದಿಯನ್ನು ಒಬ್ಬನೇ ಮುಚ್ಚಿಕೊಳ್ಳುವುದು ಕೊಡದುದನ್ನು ತೆಗೆದುಕೊಂಡಂತೆ ಆಗುವುದಿಲ್ಲವೇ? ಅದತ್ತಾದಾನದ ಆರೋಪವು ಕೆರೆದವನಿಗಿಂತ ಮೊದಲು ಬೀಗ ಹಾಕಿದವನಿಗೆ ತಗಲುತ್ತದೆ ಎಂಬುದು ನನ್ನ ತಿಳುವಳಿಕೆ. ವಿರುದ್ಧರಾಜ್ಯಾತಿಕ್ರಮದ ವ್ಯಾಖ್ಯೆಯಲ್ಲಿಯೂ ಆಚಾರ್ಯರ ದೃಷ್ಟಿ ಇರುವುದು ರಾಜ್ಯದ ಗೊಂದಲವನ್ನು ಬಳಸಿಕೊಂಡು ಬೆಲೆಬಾಳುವ ವಸ್ತುವನ್ನು ಅಲ್ಪಬೆಲೆಗೆ ಕಬಳಿಸುವ ಲೋಭದ ಮೇಲೆ. ಉಚಿತ ನ್ಯಾಯವನ್ನು ಮೀರುವುದರ ಮೇಲೆ. ಗಂಜಿಗೆ ಬೇಕಾದ ಒಂದು ಹಿಡಿ ಉಪ್ಪಿನಲ್ಲಿ ಲೋಭವನ್ನು ಹುಡುಕುವುದು ಕಷ್ಟ.

ಕೌಟಿಲ್ಯನನ್ನು ಯಾರೂ ಮೃದುಹೃದಯನೆಂದು ಕರೆಯಲಾರರು. ಅವನ ಅರ್ಥಶಾಸ್ತ್ರದಲ್ಲಿ ಉಪ್ಪಿಗೆ ಅಧ್ಯಕ್ಷನುಂಟು, ರಾಜಭಾಗವುಂಟು, ಅನುಮತಿಯಿಲ್ಲದೆ ಉಪ್ಪು ಮಾಡಿದವನಿಗೆ ದಂಡವುಂಟು. ಆದರೂ ವಾನಪ್ರಸ್ಥರನ್ನು ಆ ದಂಡದಿಂದ ಹೊರಗಿಟ್ಟಿದ್ದಾನೆ. ಶ್ರೋತ್ರಿಯರು, ತಪಸ್ವಿಗಳು, ಬಿಟ್ಟಿ ಕೆಲಸದವರು ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದೆಂದಿದ್ದಾನೆ. ಊಟದ ಉಪ್ಪಿಗೂ ವ್ಯಾಪಾರದ ಉಪ್ಪಿಗೂ ನಡುವೆ ಅವನು ಎಳೆದ ಗೆರೆಯನ್ನು ಎರಡು ಸಾವಿರ ವರ್ಷಗಳ ನಂತರದ ಸುಧಾರಿತ ಸರ್ಕಾರ ಅಳಿಸಿಹಾಕಿತು. ಆ ಗೆರೆ ಮತ್ತೆ ಕಾಣಿಸಿಕೊಂಡದ್ದು 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ: ಉಪ್ಪು ಸಿಗುವ ಊರುಗಳ ಜನರು ಮನೆಬಳಕೆಗೂ ತಮ್ಮ ಊರಿನೊಳಗಿನ ಮಾರಾಟಕ್ಕೂ ಉಪ್ಪು ಮಾಡಿಕೊಳ್ಳಬಹುದೆಂದು ಒಪ್ಪಲಾಯಿತು. ಅದಕ್ಕೆ ಮೊದಲು 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ, ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾಯ್ದೆ ಮುರಿಯಲ್ಪಟ್ಟಿತ್ತು. ಉಪ್ಪಿನ ಸುಂಕ ಪೂರ್ಣವಾಗಿ ರದ್ದಾದುದು 1947ರ ಏಪ್ರಿಲ್‌ನಲ್ಲಿ.

ಗಾಂಧೀಜಿಯವರ ವಿಷಯದಲ್ಲಿ ಒಂದು ಸಂಗತಿಯನ್ನು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಕಸ್ತೂರಬಾ ಅವರ ಕಾಯಿಲೆಯ ಸಂದರ್ಭದಲ್ಲಿ ಅವರೊಡನೆ ತಾವೂ ಉಪ್ಪನ್ನೂ ಬೇಳೆಯನ್ನೂ ಬಿಟ್ಟು, ಬಹುಕಾಲ ಆ ನಿಯಮವನ್ನು ನಡೆಸಿದವರು ಅವರು. ಉಪ್ಪಿಲ್ಲದೆ ಬದುಕಬಲ್ಲೆನೆಂದು ತೋರಿಸಿದವರೇ ಉಪ್ಪಿಗಾಗಿ ಹೋರಾಡಿದರು. ಇದರಲ್ಲಿ ವಿರೋಧವಿದೆಯೇ? ನಮ್ಮ ಪರಂಪರೆಯನ್ನು ಬಲ್ಲವರಿಗೆ ಇಲ್ಲವೆಂದು ಹೇಳಬೇಕಾಗಿಲ್ಲ. ರಸಪರಿತ್ಯಾಗವು ಬಾಹ್ಯ ತಪಸ್ಸುಗಳಲ್ಲಿ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಮುನಿಗಳು ಬಿಡುತ್ತಾರೆ. ಭಾನುವಾರ ಉಪ್ಪು ಬಿಡುವ ಶ್ರಾವಕಿಯರು ಅನೇಕರಿದ್ದಾರೆ. ಆ ಉಪ್ಪಿಲ್ಲದ ಅನ್ನ ತಪಸ್ಸಾಗುವುದು ಅಡುಗೆಮನೆಯ ಭರಣಿಯಲ್ಲಿ ಉಪ್ಪು ಇರುವುದರಿಂದ. ಭರಣಿ ಬರಿದಾಗಿದ್ದರೆ ಅದೇ ಅನ್ನ ಬರಿಯ ಸಪ್ಪೆ ಅನ್ನ. ತ್ಯಾಗಕ್ಕೆ ಮೊದಲು ಸ್ವಾಧೀನವಿರಬೇಕು. ಇನ್ನೊಬ್ಬನ ತಟ್ಟೆಯಿಂದ ಉಪ್ಪು ಕಸಿದವನು ಅವನ ರುಚಿಯನ್ನು ಮಾತ್ರವಲ್ಲದೆ, ಅವನು ಮುಂದೆಂದಾದರೂ ಮಾಡಬಹುದಾಗಿದ್ದ ತ್ಯಾಗವನ್ನೂ ಕಸಿದಂತೆ. ಬಡವರಿಗೆ ಸಂತೋಷವ್ರತವನ್ನು ಬೋಧಿಸಲು ಹೊರಡುವ ಉಳ್ಳವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಉಪ್ಪಾರನನ್ನು ಸಂಪೂರ್ಣ ನಿರ್ದೋಷಿಯೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಮೂಲಾಚಾರದಲ್ಲಿ ಪೃಥ್ವೀಕಾಯದ ಭೇದಗಳನ್ನು ಎಣಿಸುವಾಗ ಮಣ್ಣು, ಮರಳು, ಕಲ್ಲುಗಳ ಜೊತೆಗೆ ಉಪ್ಪನ್ನೂ ಹೇಳಿದೆ. ನೆಲ ಕೆರೆಯುವುದರಲ್ಲಿ, ನೀರು ಹೊಯ್ಯುವುದರಲ್ಲಿ ಏಕೇಂದ್ರಿಯ ಜೀವಗಳ ಹಿಂಸೆ ಇದ್ದೇ ಇದೆ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ಮರೆಯುವಂತಿಲ್ಲ. ಗುದ್ದಲಿ ಹಿಡಿದವನು ಉಪ್ಪಾರ. ಕೊಂಡು ಮಾಡಿಸಿದವರು, ಉಂಡು ಮೆಚ್ಚಿದವರು ನಾವೆಲ್ಲ. ಮಣ್ಣು ಮುಟ್ಟದ ಕೈ ಶುದ್ಧವೆಂದು ಭಾವಿಸಿ ಮಣ್ಣು ಮುಟ್ಟಿದವನನ್ನು ಕೆಳಗೆ ಕೂರಿಸುವ ಲೆಕ್ಕಾಚಾರ ಕರ್ಮಸಿದ್ಧಾಂತಕ್ಕೆ ಹೊಂದುವುದಿಲ್ಲ.

ಉಪ್ಪಿನ ಕಸುಬು ಹೋದ ಮೇಲೆ ಉಪ್ಪಾರರು ಬಾವಿ ತೋಡುವುದು, ಕೆರೆಯ ಏರಿ ಕಟ್ಟುವುದು, ಗಾರೆ ಕೆಲಸ, ಬೇಸಾಯ ಇವುಗಳಿಂದ ಬದುಕಿದರು. ಜಾತಿಯ ಹೆಸರಿನಲ್ಲಿ ಮಾತ್ರ ಉಪ್ಪು ಉಳಿಯಿತು. ತಾವು ಸಗರ ಚಕ್ರವರ್ತಿಯ, ಭಗೀರಥನ ವಂಶದವರೆಂದು ಅವರು ಹೇಳಿಕೊಳ್ಳುತ್ತಾರೆ. ಸಗರನು ನಮ್ಮ ಪುರಾಣಗಳಲ್ಲಿಯೂ ಎರಡನೆಯ ಚಕ್ರವರ್ತಿ, ಅಜಿತನಾಥ ತೀರ್ಥಂಕರರ ಕಾಲದವನು. ಅವನ ಮಕ್ಕಳು ಕೈಲಾಸದ ಸುತ್ತ ಕಂದಕ ತೋಡಿ ಗಂಗೆಯನ್ನು ಹರಿಸಿದರು. ಅವನು ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ವಹಿಸಿದನು. ನೆಲ ಅಗೆಯುವ ಚಕ್ರವರ್ತಿಪುತ್ರರ ಕಥೆಯನ್ನು ಭಕ್ತಿಯಿಂದ ಕೇಳುವ ನಾವು, ಅಗೆಯುವ ಕಸುಬಿನ ನೆರೆಯವನ ಕೇರಿಗೆ ಎಷ್ಟು ಸಲ ಹೋಗಿದ್ದೇವೆ?

ಇಂದು ಉಪ್ಪಿನ ಸ್ಥಿತಿ ತಿರುವುಮುರುವಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿದ ಮೇಲೆ ಒಣಭೂಮಿ ಗದ್ದೆಯಾಯಿತು. ಜೊತೆಗೆ, ನೀರು ಬಸಿಯದ ಕಡೆಗಳಲ್ಲಿ ಅಂತರ್ಜಲ ಮೇಲೇರಿ, ಒಳಗಿದ್ದ ಲವಣವನ್ನು ಹೊತ್ತು ತಂದು, ಅಚ್ಚುಕಟ್ಟಿನ ಎಷ್ಟೋ ಹೊಲಗಳನ್ನು ಸವಳಾಗಿಸಿತು. ಹಿಂದೆ ಒಂದು ಬುಟ್ಟಿ ಕೆರೆದರೆ ಜುಲ್ಮಾನೆಯಾಗುತ್ತಿದ್ದ ಉಪ್ಪನ್ನು ಈಗ ಹೇಗಾದರೂ ಒಯ್ಯಿರಿ ಎಂದರೂ ಒಯ್ಯುವವರಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳುಭೂಮಿಯ ಸುಧಾರಣೆಗಾಗಿ ಪ್ರಯೋಗಗಳು ನಡೆದಿವೆ. ನೆಲದಡಿಯಲ್ಲಿ ರಂಧ್ರವುಳ್ಳ ಕೊಳವೆಗಳನ್ನು ಹೂತು, ಮೇಲಿನಿಂದ ನೀರು ನಿಲ್ಲಿಸಿ, ಕರಗಿದ ಉಪ್ಪನ್ನು ಕೆಳಗಿನಿಂದ ಬಸಿದು ಹೊರಹಾಕುವುದು ಅದರ ಒಂದು ಕ್ರಮ. ಮೇಲೆ ನೀರು, ನಡುವೆ ಮಣ್ಣು, ಕೆಳಗೆ ರಂಧ್ರ: ದಿಬ್ಬದ ನೆತ್ತಿಯ ಗುಣಿಯಲ್ಲಿ ಉಪ್ಪಾರನು ಮಾಡುತ್ತಿದ್ದುದೂ ಇದನ್ನೇ. ಅವನು ಬಸಿದ ನೀರನ್ನು ಇಟ್ಟುಕೊಂಡು ಮಣ್ಣನ್ನು ಚೆಲ್ಲುತ್ತಿದ್ದ. ನಾವು ಮಣ್ಣನ್ನು ಇಟ್ಟುಕೊಂಡು ನೀರನ್ನು ಚೆಲ್ಲುತ್ತೇವೆ.

ಪ್ರಾಚೀನ ಸ್ಮಾರಕಗಳ ಬಗೆಗಿನ 1958ರ ಕೇಂದ್ರ ಕಾಯ್ದೆಯೂ 1961ರ ಕರ್ನಾಟಕದ ಕಾಯ್ದೆಯೂ ನೂರು ವರ್ಷ ದಾಟಿದ ನಿವೇಶನವನ್ನು ರಕ್ಷಣೆಗೆ ಅರ್ಹವೆಂದು ಎಣಿಸುತ್ತವೆ. 1889ಕ್ಕೆ ಮೊದಲು ಕೈಬಿಟ್ಟ ಉಪ್ಪಿನ ದಿಬ್ಬಗಳೆಲ್ಲವೂ ಆ ಗಡಿಯನ್ನು ದಾಟಿವೆ. ರಕ್ಷಣೆಯ ಮಾತು ದೂರವಿರಲಿ, ಯಾವ ಊರಿನಲ್ಲಿ, ಯಾವ ಹಳ್ಳದ ದಂಡೆಯಲ್ಲಿ, ಎಷ್ಟು ದಿಬ್ಬಗಳು ಉಳಿದಿವೆಯೆಂಬ ಪಟ್ಟಿಯನ್ನಾದರೂ ಮಾಡಬಹುದು. ನಮ್ಮ ಸಮಾಜದ ಕಾಲೇಜು ವಿದ್ಯಾರ್ಥಿಗಳು ಬಸದಿಗಳ ಶಾಸನಗಳನ್ನು ಅಚ್ಚೊತ್ತಿಕೊಳ್ಳಲು ಕೋಗಳಿಗೆ ಹೋಗುವ ದಿನವೇ, ಚಿಕ್ಕ ಹಗರಿಯ ದಂಡೆಯ ಊರುಗಳ ಉಪ್ಪಾರ ಕೇರಿಗಳಿಗೂ ಹೋಗಿ, ಅಜ್ಜ ಅಜ್ಜಿಯರ ಬಾಯಿಂದ ಕೇಳಿದ್ದನ್ನು ನೆನಪಿಟ್ಟುಕೊಂಡಿರುವ ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಕೆರೆಯುವ ಗುದ್ದಲಿಗೆ, ನೆತ್ತಿಯ ಗುಣಿಗೆ, ಗಾರೆಯ ಮಡಿಗೆ, ಮೊದಲ ಹರಳಿಗೆ ಅವರು ಯಾವ ಹೆಸರಿಟ್ಟಿದ್ದರೆಂಬುದು ಮುದ್ರಿತ ನಿಘಂಟಿನಲ್ಲಿ ಹುಡುಕಿದರೆ ಸಿಗುವಂತಹುದಲ್ಲ.